ಸಂವೇದಕಗಳ ಸಂಶೋಧನೆಯೂ ಅಧಿಕಾರಿವರ್ಗದ ಹೊಣೆಯೂ

2024ನೆಯ ಇಸವಿಯ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಬಾಗಿಲಿನ ಸರಪಳಿಯು ಕಡಿದು, ಬಾಗಿಲೇ ಹೊಳೆಯ ಪಾಲಾದ ಸಂಗತಿಯನ್ನು ನಮ್ಮ ವಾಚಕರು ಮರೆತಿರಲಾರರು. ಜಲಾಶಯವು ತುಂಬಿ ನಿಂತಿದ್ದ ಕಾಲ. 33 ಬಾಗಿಲುಗಳಲ್ಲಿ ಒಂದು ಹೋದುದರಿಂದ, ಕಟ್ಟಡದ ಮೇಲಿನ ಭಾರವನ್ನು ಇಳಿಸಲು ಉಳಿದ ಬಾಗಿಲುಗಳನ್ನೂ ತೆರೆಯಬೇಕಾಯಿತು. ರೈತರು ನೆಚ್ಚಿಕೊಂಡಿದ್ದ ನೀರು ಕಣ್ಣೆದುರಿಗೇ ಹರಿದುಹೋಯಿತು. ಕೊನೆಗೆ ಹಿರಿಯ ಇಂಜಿನಿಯರರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನಿಳಿಸಿ, ಸುಮಾರು ಒಂದು ವಾರದಲ್ಲಿ ಆ ಬಾಯಿಯನ್ನು ಮುಚ್ಚಲಾಯಿತು. ಕೆಲಸಗಾರರ ಸಾಹಸವು ಸ್ತುತ್ಯವಾದುದು. ಆಮೇಲೆ ಮಳೆರಾಯನು ಕೈಹಿಡಿದು ಜಲಾಶಯವು ಮತ್ತೆ ತುಂಬಿತೆಂಬುದೂ ನಿಜವೇ. ಆದರೆ ಮಳೆಯ ಕೃಪೆಯನ್ನು ಆಡಳಿತದ ದಕ್ಷತೆಯ ಲೆಕ್ಕಕ್ಕೆ ಬರೆದುಕೊಳ್ಳಲಾಗದು.

ಕಬ್ಬಿಣವು ಸಾಮಾನ್ಯವಾಗಿ ಒಂದೇ ರಾತ್ರಿಯಲ್ಲಿ ಸಾಯುವುದಿಲ್ಲ. ಮೊದಲು ತುಕ್ಕು, ಆಮೇಲೆ ಕೂದಲೆಳೆಯಷ್ಟು ಬಿರುಕು, ಅದರ ಮೇಲೆ ವರ್ಷವರ್ಷವೂ ಎತ್ತುವ ಇಳಿಸುವ ಎಳೆತ. ಹೀಗೆ ಬಹುಕಾಲ ಬಳಲಿದ ಮೇಲೆ ಒಂದು ದಿನ ತುಂಡಾಗುತ್ತದೆ. ಆ ಬಳಲಿಕೆಯ ಕಾಲದಲ್ಲಿ ಲೋಹವು ಸುಮ್ಮನಿರುವುದೂ ಇಲ್ಲ. ಬಿರುಕು ಬೆಳೆಯುವಾಗಲೆಲ್ಲ ನಮ್ಮ ಕಿವಿಗೆ ಎಟುಕದ ಸೂಕ್ಷ್ಮ ಧ್ವನಿಯನ್ನು ಹೊರಡಿಸುತ್ತದೆ. ಎಳೆತ ಹೆಚ್ಚಿದಾಗ ಒಂದಿಷ್ಟು ಹಿಗ್ಗುತ್ತದೆ. ಇವನ್ನು ಕೇಳುವ, ಕಾಣುವ, ಅಳೆಯುವ ಉಪಕರಣಗಳುಂಟು. ಸೆನ್ಸರ್ ಎಂದು ಇಂಗ್ಲಿಷಿನಲ್ಲಿಯೂ ಸಂವೇದಕವೆಂದು ನಮ್ಮ ಪರಿಭಾಷೆಯಲ್ಲಿಯೂ ಕರೆಯಿಸಿಕೊಳ್ಳುವವು ಇವೇ. ಅಂತಹ ಉಪಕರಣವಿದ್ದಿದ್ದರೆ ಆ ಬಾಗಿಲು ಉಳಿದೇ ಉಳಿಯುತ್ತಿತ್ತೆಂದು ನಾವು ಆಣೆಯಿಟ್ಟು ಹೇಳಲಾರೆವು. ಮುನ್ಸೂಚನೆಯಾದರೂ ದೊರೆಯುವ ಸಂಭವವಿತ್ತೆಂದು ಮಾತ್ರ ಹೇಳಬಲ್ಲೆವು.

ಕಳೆದುಹೋದ ಈ ಮಾತನ್ನು ಈಗೇಕೆ ಎತ್ತಿದಿರೆಂದು ವಾಚಕರು ಕೇಳಬಹುದು. ಈಚೆಗೆ ಒಬ್ಬ ತರುಣನು ನಮ್ಮ ಕಚೇರಿಗೆ ಬಂದಿದ್ದನು. ಇಂಜಿನಿಯರಿಂಗ್ ಪದವೀಧರ, ಒಂದು ವಿದ್ಯಾಲಯದಲ್ಲಿ ಸಂವೇದಕಗಳನ್ನು ಕುರಿತು ಪಿಎಚ್.ಡಿ. ಸಂಶೋಧನೆಯಲ್ಲಿ ತೊಡಗಿ ಎರಡನೆಯ ವರ್ಷ. ಕಾಲುವೆಯ ಒಂದು ಹಳೆಯ ಬಾಗಿಲಿನ ಎತ್ತುಗಂಬಿಗೆ, ಹೊಲಿಗೆಯ ದಾರದಷ್ಟು ತೆಳುವಾದ ಗಾಜಿನ ಎಳೆಯೊಂದನ್ನು ಅಂಟಿಸಿ ಒಂದು ವರ್ಷ ಅಳತೆ ತೆಗೆಯಬೇಕೆಂಬುದು ಅವನ ಬೇಡಿಕೆ. ಕೊರೆಯುವುದಿಲ್ಲ, ಬೆಸೆಯುವುದಿಲ್ಲ, ಸರಕಾರದ ಒಂದು ಕಾಸನ್ನೂ ಕೇಳುವುದಿಲ್ಲ. ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟು ಏಳು ತಿಂಗಳಾಗಿವೆ. ಮೇಲಿನವರು ಕೆಳಗಿನವರ ಅಭಿಪ್ರಾಯ ಕೇಳಿದರು. ಕೆಳಗಿನವರು ಮೇಲಿನವರ ಅಪ್ಪಣೆ ಕೇಳಿದರು. ಕೊನೆಗೆ ಒಬ್ಬ ಗುಮಾಸ್ತರು ಕನಿಕರಪಟ್ಟು, “ತಮ್ಮಾ, ಹೆಚ್ಚುಕಡಿಮೆಯಾದರೆ ಯಾರು ಹೊಣೆ? ಬೇರೆ ಯಾವುದಾದರೂ ವಿಷಯ ಹಿಡಿ” ಎಂದು ಹಿತೋಪದೇಶ ಮಾಡಿ ಕಳುಹಿಸಿದರಂತೆ. ಇಂತಹ ತರುಣರು ಇವನೊಬ್ಬನೇ ಅಲ್ಲವೆಂದು ನಾವು ಬಲ್ಲೆವು.

ನಾವು ಪಾಠಶಾಲೆಯಲ್ಲಿ ಕಲಿತು ಮೆಟ್ರಿಕ್ಯುಲೇಶನ್‌ಗೇ ನಿಂತವರು. ಭೌತವಿಜ್ಞಾನದಲ್ಲಿ ಅಧಿಕಾರದಿಂದ ಮಾತನಾಡುವ ಯೋಗ್ಯತೆ ನಮಗಿಲ್ಲ. ಆದರೆ ಆ ಹುಡುಗನು ಮೇಜಿನ ಮೇಲೆ ಎಳೆಯನ್ನಿಟ್ಟು ಹೇಳಿದುದು ನಮಗೂ ತಿಳಿಯುವಂತಿತ್ತು. ಆ ಗಾಜಿನ ಎಳೆಯೊಳಗೆ ಒಂದು ಬಗೆಯ ಸೂಕ್ಷ್ಮ ಗೆರೆಗಳನ್ನು ಮೂಡಿಸಿರುತ್ತಾರೆ. ಬೆಳಕನ್ನು ಹಾಯಿಸಿದರೆ ಅವು ಯಾವುದೋ ಒಂದೇ ತರಂಗವನ್ನು ಹಿಂದಕ್ಕೆ ಕಳುಹಿಸುತ್ತವೆ. ಎಳೆಯು ಹಿಗ್ಗಿದರೆ ಹಿಂದಿರುಗುವ ತರಂಗವೂ ಒಂದಿಷ್ಟು ಬದಲಾಗುತ್ತದೆ. ಆ ಬದಲಾವಣೆಯಿಂದ ಎಳೆತವೆಷ್ಟೆಂದು ಲೆಕ್ಕ ಹಾಕಬಹುದು. ತೊಡಕಿರುವುದು ಇಲ್ಲಿ: ಬಿಸಿಲಿಗೆ ಕಾದರೂ ತರಂಗವು ಹಾಗೆಯೇ ಬದಲಾಗುತ್ತದೆ. ಹೊಸಪೇಟೆಯ ಬೇಸಗೆಯ ಕಾವು ಯಾವುದು, ನೀರಿನ ಒತ್ತಡ ಯಾವುದು ಎಂದು ಬಿಡಿಸಿ ಹೇಳುವುದು, ಹಾವಸೆಯಲ್ಲಿಯೂ ಕೆಸರಿನಲ್ಲಿಯೂ ಮೂರು ಮಳೆಗಾಲ ಬಾಳುವಂತೆ ಅದನ್ನು ಹೊದಿಸುವುದು, ಇದೇ ಸಂಶೋಧನೆ. ಕೋಣೆಯೊಳಗೆ ಕುಳಿತು ಇದನ್ನು ಸಾಧಿಸಲಾಗದು. ಬಾಗಿಲು ಬೇಕು, ನೀರು ಬೇಕು, ಬಿಸಿಲು ಬೇಕು.

ಪರದೇಶದಲ್ಲಿ ಸಿದ್ಧವಾದ ಉಪಕರಣಗಳು ಬೇಕಾದಷ್ಟಿರುವಾಗ ನಮ್ಮ ಹುಡುಗರು ಇಷ್ಟೊಂದು ತಲೆ ಒಡೆದುಕೊಳ್ಳುವುದೇಕೆ, ಕೊಂಡು ತಂದರಾಗದೇ ಎಂದು ಹೇಳುವವರಿದ್ದಾರೆ. ಅಂತಹವರಿಗೆ 2020ನೆಯ ಇಸವಿಯ ಒಂದು ಸಂಗತಿಯನ್ನು ನೆನಪಿಸುತ್ತೇವೆ. ಕರೋನಾ ಪಿಡುಗಿನ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿನ ಆಮ್ಲಜನಕವನ್ನು ಅಳೆಯುವ ಆಕ್ಸಿಮೀಟರು ಮನೆಮನೆಗೂ ಬಂದಿತು. ಜಪಾನಿನ ತಕುವೊ ಅವೊಯಾಗಿ ಎಂಬ ಇಂಜಿನಿಯರರು 1970ರ ದಶಕದಲ್ಲಿ ಕಂಡುಹಿಡಿದ ತತ್ತ್ವವದು: ಕೆಂಪು ಬೆಳಕನ್ನೂ, ಕಣ್ಣಿಗೆ ಕಾಣದ ಅತಿರಕ್ತ ಬೆಳಕನ್ನೂ ಬೆರಳಿನ ಮೂಲಕ ಹಾಯಿಸಿ, ರಕ್ತವು ಯಾವುದನ್ನು ಎಷ್ಟು ಹೀರಿತೆಂದು ನೋಡುವುದು. ಆ ಡಿಸೆಂಬರಿನಲ್ಲಿ ಅಮೆರಿಕದ ವೈದ್ಯರು ತಮ್ಮ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿದರು. ಉಪಕರಣವು 92ರಿಂದ 96 ಎಂದು ತೋರಿಸುತ್ತಿದ್ದಾಗ, ಧಮನಿಯ ರಕ್ತವನ್ನೇ ಪರೀಕ್ಷಿಸಿ ನೋಡಿದರೆ 88ಕ್ಕಿಂತ ಕೆಳಗಿಳಿದಿದ್ದ ಪ್ರಸಂಗಗಳು ಬಿಳಿಯ ರೋಗಿಗಳಲ್ಲಿ ನೂರಕ್ಕೆ 3.6, ಕರಿಯ ರೋಗಿಗಳಲ್ಲಿ ನೂರಕ್ಕೆ 11.7! ಚರ್ಮದ ಬಣ್ಣವು ಬೆಳಕನ್ನು ಹೀರುತ್ತದೆಂಬ ಸಾಮಾನ್ಯ ಸಂಗತಿಯು ಉಪಕರಣದ ಅಳತೆಗೆ ಸರಿಯಾಗಿ ಸಿಕ್ಕಿರಲಿಲ್ಲ. ಮೋಸವೆಂದು ನಾವು ಹೇಳುವುದಿಲ್ಲ. ತಕ್ಕಡಿಯನ್ನು ಯಾರ ಮನೆಯಲ್ಲಿ ಸರಿಪಡಿಸಿದರೋ ಆ ಮನೆಯ ಧಾನ್ಯಕ್ಕೆ ಅದು ಸರಿಹೋಗುತ್ತದೆ. ನಮ್ಮ ಜನರ ಬಣ್ಣ ಎಷ್ಟು ಬಗೆಯೆಂಬುದನ್ನು ಯಾವ ಸಂತೆಯಲ್ಲಿ ನಿಂತರೂ ಕಾಣಬಹುದು. ನಮ್ಮ ತಕ್ಕಡಿಯನ್ನು ನಮ್ಮ ಆಸ್ಪತ್ರೆಗಳಲ್ಲಿಯೇ ಸರಿನೋಡಬೇಕಷ್ಟೆ.

ಮೈಗೆ ಹೇಳಿದ ಮಾತೇ ಮಣ್ಣಿಗೂ ಸಲ್ಲುತ್ತದೆ. ನೆಲದ ತೇವವನ್ನು ಅಳೆಯುವ ಸಂವೇದಕವೊಂದಿದೆ. ವಿದ್ಯುತ್ತನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವ ಗುಣದಲ್ಲಿ ಗಾಳಿಗೆ 1 ಎಂದು ಎಣಿಸಿದರೆ ಒಣಮಣ್ಣಿಗೆ 3ರಿಂದ 5, ನೀರಿಗೆ ಸುಮಾರು 80. ಆದುದರಿಂದ ಮಣ್ಣಿನ ಈ ಗುಣವನ್ನು ಅಳೆದರೆ ಅದರಲ್ಲಿ ನೀರೆಷ್ಟಿದೆಯೆಂದು ತಿಳಿಯುತ್ತದೆ. ಮರಳುಮಣ್ಣಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ನಮ್ಮ ಧಾರವಾಡ, ಗದಗ, ವಿಜಯಪುರಗಳ ಎರೆಭೂಮಿಯಲ್ಲಿ ಇದೇ ಉಪಕರಣವನ್ನು ಹೂಳಿದರೆ ಲೆಕ್ಕ ತಪ್ಪುತ್ತದೆ. ಜೇಡಿಯೂ ಲವಣವೂ ಅಂಕಿಯನ್ನು ಏರಿಸಿ ಇಳಿಸಿ ಆಟವಾಡಿಸುತ್ತವೆ. ಬೇಸಗೆ ಬಂದಿತೆಂದರೆ ನೆಲವು ಕೈ ತೂರುವಷ್ಟು ಬಾಯಿಬಿಟ್ಟು ಉಪಕರಣಕ್ಕೂ ಮಣ್ಣಿಗೂ ಸಂಬಂಧವೇ ಕಡಿದುಹೋಗುತ್ತದೆ. ಆ ಊರಿನ ಮಣ್ಣಿಗೆ ತಕ್ಕಂತೆ ಅಳತೆಯನ್ನು ಹೊಸದಾಗಿ ಹೊಂದಿಸದೆ ಅದನ್ನು ನಂಬಿ ನೀರು ಕಟ್ಟಿದ ರೈತನು ಕೆಡುತ್ತಾನೆ. ಎರೆಭೂಮಿಯ ಈ ತೊಡಕನ್ನು ಬಿಡಿಸಲು ಎರೆಭೂಮಿಯ ಮಗನಿಗಿಂತ ಹೆಚ್ಚು ಆಸ್ಥೆ ಪರದೇಶದ ಕಾರ್ಖಾನೆಗೆ ಹೇಗೆ ಬಂದೀತು? ಕೋಲಾರದಲ್ಲಿಯೂ ಪಾವಗಡದಲ್ಲಿಯೂ ಮುಂಡರಗಿಯಲ್ಲಿಯೂ ಕೊಳವೆಬಾವಿಯ ನೀರಿನ ಫ್ಲೋರೈಡಿನಿಂದ ಹಲ್ಲೂ ಎಲುಬೂ ಕೆಡಿಸಿಕೊಂಡವರಿದ್ದಾರೆ, ಲೀಟರಿಗೆ 1.5 ಮಿಲಿಗ್ರಾಂ ಮೀರಕೂಡದೆಂಬ ಮಿತಿಯು ದಾಟಿತೋ ಇಲ್ಲವೋ ಎಂಬುದನ್ನು ಪ್ರಯೋಗಶಾಲೆಗೆ ಶೀಸೆ ಕಳುಹಿಸದೆ ಬಾವಿಯ ಬಳಿಯಲ್ಲಿಯೇ ಹೇಳಬಲ್ಲ ಅಗ್ಗದ ಉಪಕರಣವು ಪ್ರತಿ ಗ್ರಾಮಕ್ಕೂ ಬೇಕಾಗಿದೆ.

ನಮ್ಮವರಿಗೆ ಈ ವಿದ್ಯೆ ಹೊಸದೇನೂ ಅಲ್ಲ. ಜಗದೀಶಚಂದ್ರ ಬೋಸರು ಗಲೀನಾ ಎಂಬ ಖನಿಜದ ಹರಳಿನಿಂದ ವಿದ್ಯುತ್ತರಂಗಗಳನ್ನು ಹಿಡಿಯುವ ಉಪಕರಣವನ್ನು ಮಾಡಿದರು; ಅದಕ್ಕೆ ಅಮೆರಿಕದ ಪೇಟೆಂಟು ದೊರೆತದ್ದು 1904ರಲ್ಲಿ. ಅದಕ್ಕೂ ಒಂದು ವರ್ಷ ಮುಂಚೆ, 1903ರಲ್ಲಿ, ಆಗ ಮುಂಬಯಿ ಪ್ರಾಂತದ ನೌಕರಿಯಲ್ಲಿದ್ದ ನಮ್ಮ ವಿಶ್ವೇಶ್ವರಯ್ಯನವರು, ನೀರು ನಿಯತ ಮಟ್ಟವನ್ನು ಮುಟ್ಟಿದೊಡನೆ ತಾವೇ ತೆರೆದು, ಇಳಿದೊಡನೆ ತಾವೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ರಚಿಸಿ ಪುಣೆಯ ಬಳಿಯ ಖಡಕವಾಸಲಾ ಕೆರೆಗೆ ಕೂಡಿಸಿದರು. ನೀರಿನ ಮಟ್ಟವನ್ನು ಅರಿತು ನಡೆಯುವ ಬಾಗಿಲು ಸಂವೇದಕವಲ್ಲದೆ ಮತ್ತೇನು? ಅವರೂ ಒಬ್ಬ ಸರಕಾರಿ ಅಧಿಕಾರಿಗಳೇ ಆಗಿದ್ದರೆಂಬುದನ್ನು ಇಂದಿನ ಅಧಿಕಾರಿಗಳು ಗಮನಿಸಬೇಕು. ಹೆಚ್ಚುಕಡಿಮೆಯಾದರೆ ಯಾರು ಹೊಣೆಯೆಂದು ಅಂದಿನವರು ಕಡತವನ್ನು ಕಟ್ಟಿಟ್ಟಿದ್ದರೆ ಆ ಬಾಗಿಲುಗಳು ಕಾಗದದಲ್ಲಿಯೇ ಉಳಿಯುತ್ತಿದ್ದವು.

ಇರಲಿ. ಇಂದು ನಮ್ಮ ತರುಣರಿಗೆ ಯಾವ ದಾರಿಗಳಿವೆಯೆಂಬುದನ್ನು ಪಟ್ಟಣಗಳ ತಂದೆತಾಯಂದಿರಿಗಾಗಿ ಹೇಳಬೇಕು. ಏಕೆಂದರೆ ಅನೇಕರಿಗೆ ಇದು ತಿಳಿದೇ ಇಲ್ಲ. 1909ರಲ್ಲಿ ತಾತಾ ಮನೆತನದ ದ್ರವ್ಯದಿಂದಲೂ ಮೈಸೂರು ಮಹಾರಾಜರು ಕೊಟ್ಟ 371 ಎಕರೆ ನೆಲದಿಂದಲೂ ಹುಟ್ಟಿದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಪಕರಣಶಾಸ್ತ್ರಕ್ಕೆ ಒಂದು ವಿಭಾಗವೂ ನ್ಯಾನೋ ವಿಜ್ಞಾನಕ್ಕೆ ಒಂದು ಕೇಂದ್ರವೂ ಇವೆ. ಬಿ.ಇ. ಮುಗಿಸಿ ಗೇಟ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದವನು ಅಲ್ಲಿಗೆ ನೇರವಾಗಿ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ಸುರತ್ಕಲ್ಲಿನ ರಾಷ್ಟ್ರೀಯ ತಂತ್ರವಿದ್ಯಾಲಯವಿದೆ. 2016ರಲ್ಲಿ ಆರಂಭವಾದ ಧಾರವಾಡದ ಐ.ಐ.ಟಿ. ಇದೆ, ರಾಜಸ್ಥಾನದ ಪಿಲಾನಿಯಲ್ಲಿ ಕೇಂದ್ರೀಯ ಎಲೆಕ್ಟ್ರಾನಿಕ್ಸ್ ಸಂಶೋಧನಾಲಯವಿದೆ. ನಕ್ಷತ್ರಗಳನ್ನು ನೋಡಿ ಉಪಗ್ರಹಕ್ಕೆ ದಿಕ್ಕನ್ನು ತಿಳಿಸುವ ಸಂವೇದಕಗಳು ಸಿದ್ಧವಾಗುವುದು ನಮ್ಮ ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋ ಪ್ರಯೋಗಶಾಲೆಯಲ್ಲಿಯೇ. 2023ರಲ್ಲಿ ಚಂದ್ರನ ಮೇಲೆ ಇಳಿದ ನಮ್ಮ ನೌಕೆಗೆ, ಇಳಿಯುವ ವೇಗವನ್ನು ಲೇಸರ್ ಬೆಳಕಿನಿಂದ ಅಳೆಯುವ ಹೊಸ ಸಂವೇದಕವೊಂದನ್ನು ಕೂಡಿಸಿದ್ದರೆಂಬುದನ್ನು ವಾಚಕರು ಬಲ್ಲರು. ಇನ್ನೊಂದು ಮಾತು ಅಷ್ಟಾಗಿ ಪ್ರಚಾರದಲ್ಲಿಲ್ಲ: ವಿಜ್ಞಾನ ಸಂಸ್ಥೆಯ ಧೂಳಿಲ್ಲದ ಕೋಣೆಗಳಲ್ಲಿ ಬೇರೆ ಊರಿನ ಕಾಲೇಜುಗಳ ಸಂಶೋಧಕರೂ ಬಂದು ತಮ್ಮ ಸಂವೇದಕಗಳನ್ನು ತಯಾರಿಸಿಕೊಳ್ಳಲು ಕೇಂದ್ರ ಸರಕಾರದ ಯೋಜನೆಯೊಂದು 2008ರಿಂದ ನಡೆದಿದೆ. ಕೋಟಿಗಟ್ಟಲೆ ಬೆಲೆಯ ಯಂತ್ರಗಳು ತುಮಕೂರಿನ ಅಥವಾ ಬಾಗಲಕೋಟೆಯ ಹುಡುಗನಿಗೂ ಎಟುಕುವಂತೆ ಮಾಡಿದ ಏರ್ಪಾಡಿದು.

ಹಣದ ಮಾತನ್ನು ಮುಚ್ಚಿಡುವುದಿಲ್ಲ. ಕಿರಿಯ ಸಂಶೋಧಕನಿಗೆ ತಿಂಗಳಿಗೆ 31,000 ಇದ್ದ ವೇತನವು, ದೇಶದ ನಾನಾ ಭಾಗಗಳ ಸಂಶೋಧಕರು ಬೀದಿಗಿಳಿದು ಕೇಳಿದ ಮೇಲೆ, 2023ರ ಜನವರಿ 1ರಿಂದ ಅನ್ವಯವಾಗುವಂತೆ 37,000 ಆಯಿತು. ಹಿರಿಯ ಸಂಶೋಧಕನಿಗೆ 42,000. 2018ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸಂಶೋಧನಾ ವೇತನವು ಆಯ್ದ ಕೆಲವರಿಗೆ 70,000ದಿಂದ ತೊಡಗಿತು. 2025ರ ಮುಂಗಡಪತ್ರದಲ್ಲಿ ಐದು ವರ್ಷಗಳಲ್ಲಿ ಅಂತಹ 10,000 ವೇತನಗಳನ್ನು ಕೊಡುವೆವೆಂದು ಸಾರಿದ್ದಾರೆ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿಯೇ ಎಲೆಕ್ಟ್ರಾನಿಕ್ಸ್ ವಿಷಯದ ಪಿಎಚ್.ಡಿ. ಯೋಜನೆಯೊಂದು 2014ರಿಂದ ಇದ್ದು, ನೌಕರಿಯಲ್ಲಿರುವವರಿಗೂ ಅರೆಕಾಲದ ಸಂಶೋಧನೆಗೆ ಅದರಲ್ಲಿ ಎಡೆಯಿದೆ. ಸಾಫ್ಟ್‌ವೇರ್ ಕಂಪನಿಯ ಪಗಾರದೆದುರಿಗೆ 37,000 ದೊಡ್ಡದಲ್ಲವೆಂಬುದು ನಮಗೂ ಗೊತ್ತು. ಇಂಜಿನಿಯರಾದ ಮಗನು ಮತ್ತೆ ಐದು ವರ್ಷ ಓದುವೆನೆಂದರೆ ತಂದೆಯು ಹುಬ್ಬು ಗಂಟಿಕ್ಕುವುದು ಸಹಜವೇ. ಆದರೆ ಆ ತಂದೆಯನ್ನು ಒಪ್ಪಿಸಬಹುದು. ಒಪ್ಪಿಸಲಾಗದ್ದು, ಆ ವೇತನವೂ ತಿಂಗಳು ತಿಂಗಳಿಗೆ ಕೈಸೇರದಿರುವುದನ್ನು. ಸಂಬಳವು ಒಂದನೆಯ ತಾರೀಖಿನಂದು ಬಾರದಿದ್ದರೆ ಗಲಾಟೆಯೆಬ್ಬಿಸುವ ನಾವು, ಸಂಶೋಧಕನು ನಾಲ್ಕು ತಿಂಗಳು ಸಾಲದಲ್ಲಿ ಉಣ್ಣುವುದನ್ನು ವಿದ್ಯಾರ್ಥಿದೆಸೆಯ ಕಷ್ಟವೆಂದು ತಳ್ಳಿಹಾಕುವುದು ಯಾವ ನ್ಯಾಯ?

ಹೊರದೇಶಗಳಿಗೆ ಹೋಗಿ ಕಲಿಯುವುದನ್ನು ನಾವು ವಿರೋಧಿಸುವವರಲ್ಲ. ನವಕಾಂತ ಭಟ್ಟರ ಉದಾಹರಣೆಯು ನಮ್ಮೆದುರಿಗಿದೆ. ಮೈಸೂರಿನಲ್ಲಿ ಬಿ.ಇ. ಮುಗಿಸಿ, ಮುಂಬಯಿಯ ಐ.ಐ.ಟಿ.ಯನ್ನು ದಾಟಿ, 1996ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಪಿಎಚ್.ಡಿ. ಪಡೆದ ಅವರು ಮರಳಿ ಬಂದು ವಿಜ್ಞಾನ ಸಂಸ್ಥೆಯಲ್ಲಿ ನೆಲೆಸಿದರು; ಮಧುಮೇಹಿಗಳ ರಕ್ತವನ್ನೂ ಮೂತ್ರವನ್ನೂ ಒಂದೇ ಕೈಯುಪಕರಣದಿಂದ ಪರೀಕ್ಷಿಸುವ ಸಂವೇದಕಗಳನ್ನು ಅಲ್ಲಿಯೇ ರೂಪಿಸಿ ಮಾರುಕಟ್ಟೆಗೂ ತಂದರು. 2018ರಲ್ಲಿ ಇನ್ಫೋಸಿಸ್ ಪ್ರಶಸ್ತಿಯು ಅವರಿಗೆ ಸಂದದ್ದು ಜೈವಿಕ ಸಂವೇದಕಗಳ ಹಾಗೂ ಅನಿಲ ಸಂವೇದಕಗಳ ಕೆಲಸಕ್ಕಾಗಿ. ಮರಳಿ ಬರುವವನಿಗೆ ಪ್ರಯೋಗಶಾಲೆಯಿದ್ದರೆ ಇಂತಹ ಫಲವುಂಟು.

ಆದರೆ ಪ್ರಯೋಗಶಾಲೆಯಿಂದ ಹೊರಗೆ ಕಾಲಿಟ್ಟರೆ? ಇಲ್ಲಿಯೇ ನಮ್ಮ ಮುಖ್ಯ ದೂರು. ಸೀಟು, ವೇತನ, ಯಂತ್ರ ಇವೆಲ್ಲವೂ ಅವಕಾಶವೆಂದು ಹೇಳಿಕೊಳ್ಳುತ್ತೇವೆ. ಸಂವೇದಕವನ್ನು ಇಡುವ ಸ್ಥಳವೇ ಇಲ್ಲದಿದ್ದರೆ ಅವೆಲ್ಲ ಇದ್ದೂ ಇಲ್ಲದಂತೆ. ಅಣೆಕಟ್ಟು ಸರಕಾರದ್ದು, ಕಾಲುವೆ ಸರಕಾರದ್ದು, ಸೇತುವೆ ಸರಕಾರದ್ದು, ದೊಡ್ಡ ಆಸ್ಪತ್ರೆ ಸರಕಾರದ್ದು. ಬೀಗದ ಕೈ ಅಧಿಕಾರಿಗಳಲ್ಲಿದೆ. ಅದು ಸಿಕ್ಕದ ಸಂಶೋಧಕನು ಏನು ಮಾಡುತ್ತಾನೆ? ಮೇಜಿನ ಮೇಲೆ ಗಾಜಿನ ಲೋಟದಲ್ಲಿ ನೀರಿಟ್ಟುಕೊಂಡು, ಪರದೇಶದ ಪತ್ರಿಕೆಗಳಲ್ಲಿ ಯಾವ ವಿಷಯ ನಡೆಯುತ್ತಿದೆಯೋ ಅದನ್ನೇ ಹಿಡಿದು, ಒಂದು ಪ್ರಬಂಧವನ್ನು ಬರೆದು ಪದವಿ ಪಡೆಯುತ್ತಾನೆ. ಪ್ರಬಂಧವು ಕಪಾಟು ಸೇರುತ್ತದೆ; ಹುಡುಗನು ವಿಮಾನ ಹತ್ತುತ್ತಾನೆ. ಅವನನ್ನು ದೇಶಾಭಿಮಾನವಿಲ್ಲದವನೆಂದು ಜರೆಯುವವರಲ್ಲಿ ಅವನ ಅರ್ಜಿಯ ಮೇಲೆ ಕುಳಿತವರೂ ಇರುತ್ತಾರೆ.

ಅಧಿಕಾರಿಗಳ ಅಳುಕು ನಿರಾಧಾರವೆಂದು ನಾವು ಹೇಳುವುದಿಲ್ಲ. ಅಣೆಕಟ್ಟೆಯು ಆಟದ ಸಾಮಾನಲ್ಲ. ತಪ್ಪಿದ ಕಡೆ ಒಂದು ತಂತಿ ಸಿಕ್ಕಿಕೊಂಡರೂ ಬಾಗಿಲು ಅಡಚಿಕೊಂಡೀತು. ರೋಗಿಯ ಒಪ್ಪಿಗೆಯಿಲ್ಲದೆ ಅವನ ಮೈಮುಟ್ಟಕೂಡದು. ಆದರೆ ಇವಕ್ಕೆಲ್ಲ ನಿಬಂಧನೆಗಳನ್ನು ಹಾಕಬಹುದು. ವಿದ್ಯಾಲಯದಿಂದ ಹೊಣೆಪತ್ರ ಬರೆಯಿಸಿಕೊಳ್ಳಬಹುದು. ಕೂಡಿಸುವಾಗ ಇಲಾಖೆಯ ಇಂಜಿನಿಯರನೊಬ್ಬನು ಎದುರಿಗೆ ನಿಲ್ಲಬಹುದು. ನಿಬಂಧನೆ ಹಾಕುವುದು ಬೇರೆ, ಉತ್ತರವನ್ನೇ ಕೊಡದಿರುವುದು ಬೇರೆ. ಮೇಲಾಗಿ 2021ರ ಅಣೆಕಟ್ಟು ಸುರಕ್ಷತಾ ಕಾಯಿದೆಯು, ಅದರ ವ್ಯಾಪ್ತಿಗೆ ಬರುವ ಪ್ರತಿಯೊಂದು ಅಣೆಕಟ್ಟಿನಲ್ಲಿಯೂ ಅದರ ಸ್ಥಿತಿಯನ್ನು ಗಮನಿಸುವ ಮಾಪಕಗಳನ್ನು ಕೂಡಿಸಬೇಕೆಂದು ಒಡೆಯರಿಗೆ ವಿಧಿಸಿದೆ. ಕಾಯಿದೆಯು ಮಾಡಲೇಬೇಕೆಂದ ಕೆಲಸವನ್ನು ಒಬ್ಬ ಹುಡುಗನು ಪುಕ್ಕಟೆಯಾಗಿ ಮಾಡಿಕೊಡುವೆನೆಂದು ಬಂದರೆ ಬಾಗಿಲಲ್ಲಿ ನಿಲ್ಲಿಸಿ ಕಳುಹಿಸುವುದು ಎಂತಹ ಜಾಣತನ? ಅಣೆಕಟ್ಟುಗಳ ಅಧ್ಯಯನಕ್ಕೆಂದೇ ವಿಜ್ಞಾನ ಸಂಸ್ಥೆಯಲ್ಲಿ ಒಂದು ಕೇಂದ್ರವನ್ನು ಸ್ಥಾಪಿಸಲು ಕೇಂದ್ರದ ಜಲಶಕ್ತಿ ಖಾತೆಯವರು 2024ರ ಆರಂಭದಲ್ಲಿ, ಅಂದರೆ ತುಂಗಭದ್ರೆಯ ಬಾಗಿಲು ಮುರಿಯುವುದಕ್ಕೆ ಕೆಲವೇ ತಿಂಗಳು ಮುಂಚೆ, ಒಪ್ಪಂದ ಮಾಡಿಕೊಂಡಿದ್ದಾರೆ. ಬೆಂಗಳೂರಿನಲ್ಲಿ ಕೇಂದ್ರ, ಹೊಳೆಯ ದಂಡೆಯಲ್ಲಿ ಅಣೆಕಟ್ಟು, ನಡುವೆ ಕಡತ.

ನಮ್ಮ ಸರಕಾರಕ್ಕೆ ಇದು ಅಸಾಧ್ಯವೂ ಅಲ್ಲ. ರಾಜ್ಯದ ಗ್ರಾಮಪಂಚಾಯತಿಗಳಲ್ಲಿ ಆರು ಸಾವಿರಕ್ಕೂ ಮಿಕ್ಕಿ ತಾವೇ ವರದಿ ಕಳುಹಿಸುವ ಮಳೆಮಾಪಕಗಳನ್ನು ನೆಟ್ಟಿರುವವರು ಇದೇ ಸರಕಾರದವರು. ಅಡಕೆ ತೋಟಿಗರ ವಿಮೆಯ ಹಣವು ಆ ಮಾಪಕಗಳ ಅಂಕಿಯ ಮೇಲೆ ನಿಂತಿರುವುದರಿಂದ, ಮಾಪಕ ಕೆಟ್ಟ ಊರಿನಲ್ಲಿ ರೈತನ ಹೊಟ್ಟೆಯ ಮೇಲೆ ಹೊಡೆತ ಬೀಳುತ್ತದೆ. ಎಲೆ ಕಸವೂ ಜೇಡರಬಲೆಯೂ ತುಂಬಿದ ಮಾಪಕವು ತಾನು ಕೆಟ್ಟಿರುವೆನೆಂದು ತಾನೇ ಹೇಳುವಂತೆ ಮಾಡುವುದು ಹೇಗೆ? ಒಬ್ಬ ಸಂಶೋಧಕನಿಗೆ ಐದು ವರ್ಷ ಸಾಕಾಗುವಷ್ಟು ಕೆಲಸ ಅಲ್ಲಿದೆ. ಅಂಕಿಗಳನ್ನು ಅವನಿಗೆ ಕೊಟ್ಟರೆ ಇಲಾಖೆಗೇ ಲಾಭ.

ಜಲಸಂಪನ್ಮೂಲ ಖಾತೆಯವರು ಪ್ರತಿಯೊಂದು ವಲಯದಲ್ಲಿಯೂ ಒಂದೆರಡು ಬಾಗಿಲುಗಳನ್ನು, ಒಂದು ಕಾಲುವೆಯನ್ನು ಸಂಶೋಧಕರಿಗೆಂದು ಗೊತ್ತುಪಡಿಸಲಿ. ಅರ್ಜಿ ಬಂದ ಮೂವತ್ತು ದಿನಗಳೊಳಗೆ ಉಂಟೋ ಇಲ್ಲವೋ, ಇಲ್ಲವಾದರೆ ಏಕೆ ಎಂಬ ಉತ್ತರವನ್ನು ಬರೆದು ಕೊಡುವ ಆಜ್ಞೆಯಾಗಲಿ. ವಿಶ್ವವಿದ್ಯಾಲಯಗಳವರು ವೇತನವನ್ನು ಮೊದಲು ತಮ್ಮ ನಿಧಿಯಿಂದ ತಿಂಗಳು ತಿಂಗಳಿಗೆ ಕೊಟ್ಟು, ದೆಹಲಿಯಿಂದ ಹಣ ಬಂದಾಗ ತುಂಬಿಕೊಳ್ಳಲಿ. ಇದಕ್ಕೆ ಹೊಸ ಕಾಯಿದೆಯೂ ಬೇಕಿಲ್ಲ, ಹೊಸ ಮಂತ್ರಿಯೂ ಬೇಕಿಲ್ಲ.

ಆ ತರುಣನ ಅರ್ಜಿಯ ಪ್ರತಿಯು ನಮ್ಮ ಮೇಜಿನ ಮೇಲಿದೆ. ಕಾಲುವೆಗೆ ನೀರು ಬಿಡುವ ಮುಂಚೆ, ಬಾಗಿಲು ಒಣಗಿರುವಾಗಲೇ ಆ ಎಳೆಯನ್ನು ಅಂಟಿಸಬೇಕಂತೆ. ತಪ್ಪಿದರೆ ಮುಂದಿನ ಬೇಸಗೆಯವರೆಗೆ ಕಾಯಬೇಕು, ಅಷ್ಟರಲ್ಲಿ ಅವನ ಮೂರನೆಯ ವರ್ಷವೂ ಮುಗಿದಿರುತ್ತದೆ. ಈ ಸಾಲುಗಳು ಸಂಬಂಧಪಟ್ಟ ಅಧಿಕಾರಿಗಳ ಕಣ್ಣಿಗೆ ಬಿದ್ದರೆ, ಅರ್ಜಿಯ ತಾರೀಖನ್ನೂ ಜಾವಕ ನಂಬರನ್ನೂ ತಿಳಿಸಲು ನಾವು ಸಿದ್ಧರಿದ್ದೇವೆ.